ಖಾಲಿ ಹುದ್ದೆಯಲ್ಲಿ ಕೂತವರು ಯಾರು?

(ಜೈಲು ಸಿಬ್ಬಂದಿಯ ಕೊರತೆ ಮತ್ತು ಮನೋಬಲ ಕುರಿತು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾನು ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲೆ. ವಕೀಲರನ್ನು ಇಟ್ಟುಕೊಳ್ಳಲು ಶಕ್ತಿಯಿಲ್ಲದ ಬಂದಿಗಳನ್ನು ಜೈಲಿನಲ್ಲೇ ಕಂಡು, ಅವರ ಜಾಮೀನು, ಮೇಲ್ಮನವಿ ನೋಡಿಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಹಾಗಾಗಿ ಜೈಲಿನ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆಯುವವರೆಲ್ಲ ಕೈದಿಗಳ ಹಕ್ಕಿನ ಬಗ್ಗೆಯೇ ಮಾತಾಡುತ್ತೇನೆ ಎಂದುಕೊಂಡಿರುತ್ತಾರೆ. ಇವತ್ತು ನಾನು ಕೈದಿಯನ್ನು ಕಾಯುವವರ ಬಗ್ಗೆ ಮಾತಾಡುತ್ತೇನೆ. ಈ ಎರಡು ವಿಷಯ ಬೇರೆಬೇರೆ ಅಲ್ಲ ಎನ್ನುವುದು ನನ್ನ ನಂಬಿಕೆ. ವಾರ್ಡರ್ ಇಲ್ಲದ ಬ್ಯಾರಕ್ಕಿನಲ್ಲಿ ಕೈದಿಯ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಮೊದಲು ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರತಿ ವರ್ಷದ ಜೈಲು ಅಂಕಿಅಂಶ ಪ್ರಕಟಿಸುತ್ತದೆ. 2022ರ ಕೊನೆಗೆ ಭಾರತದ 1,330 ಜೈಲುಗಳಲ್ಲಿ 5,73,220 ಜನ ಇದ್ದರು. ಜಾಗ ಇದ್ದದ್ದು 4,36,266 ಜನರಿಗೆ. ಅಂದರೆ ನೂರು ಜನರ ಜಾಗದಲ್ಲಿ ನೂರ ಮೂವತ್ತೊಂದು ಜನ. ಅವರಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು, ಇನ್ನೂ ತಪ್ಪಿತಸ್ಥರೆಂದು ತೀರ್ಪು ಬಾರದವರು. ಈ ಸಂಖ್ಯೆಗಳನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದೇ ವರದಿಯಲ್ಲಿ ಇನ್ನೊಂದು ಸಂಖ್ಯೆ ಇದೆ, ಅದರ ಬಗ್ಗೆ ಸುದ್ದಿ ಆಗುವುದು ಕಡಿಮೆ. ಈ ಎಲ್ಲ ಜೈಲುಗಳಿಗೆ ಮಂಜೂರಾದ ಹುದ್ದೆಗಳು ಸುಮಾರು 91 ಸಾವಿರ. ತುಂಬಿರುವುದು ಸುಮಾರು 63 ಸಾವಿರ. ಹತ್ತು ಕುರ್ಚಿಗಳಲ್ಲಿ ಮೂರು ಖಾಲಿ.

ಮೂರು ಖಾಲಿ ಇದ್ದರೆ ಏನಾಯಿತು, ಉಳಿದ ಏಳು ಜನ ಸ್ವಲ್ಪ ಹೆಚ್ಚು ದುಡಿಯುತ್ತಾರೆ ಎಂದು ಸರಕಾರಿ ಕಚೇರಿಗಳನ್ನು ನೋಡಿ ಅಭ್ಯಾಸವಾದ ನಮಗೆ ಅನ್ನಿಸಬಹುದು. ತಾಲೂಕು ಕಚೇರಿಯಲ್ಲಿ ಗುಮಾಸ್ತ ಇಲ್ಲದಿದ್ದರೆ ಫೈಲು ನಾಳೆಗೆ ಹೋಗುತ್ತದೆ. ಜೈಲಿನಲ್ಲಿ ಯಾವುದನ್ನೂ ನಾಳೆಗೆ ಹಾಕಲು ಬರುವುದಿಲ್ಲ. ಬೆಳಿಗ್ಗೆ ಬೀಗ ತೆಗೆಯಲೇಬೇಕು, ತಲೆ ಎಣಿಸಲೇಬೇಕು, ಊಟ ಹಂಚಲೇಬೇಕು, ಕೋರ್ಟಿಗೆ ಕಳಿಸಬೇಕಾದವರನ್ನು ಗೇಟಿಗೆ ತರಲೇಬೇಕು, ಸಂಜೆ ಮತ್ತೆ ಎಣಿಸಿ ಬೀಗ ಹಾಕಲೇಬೇಕು, ರಾತ್ರಿಯಿಡೀ ಯಾರಾದರೂ ಎಚ್ಚರವಿರಲೇಬೇಕು. ವರ್ಷದ 365 ದಿನವೂ, ದಸರಾ ಹಬ್ಬಕ್ಕೂ, ಚುನಾವಣೆಯ ದಿನಕ್ಕೂ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. 2016ರ ಮಾದರಿ ಜೈಲು ಕೈಪಿಡಿ ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು ಎನ್ನುತ್ತದೆ. ಕೇಳಿದರೆ ಧಾರಾಳವಾಯಿತು ಅನ್ನಿಸುತ್ತದೆ. ಆದರೆ ಒಂದು ಜಾಗದಲ್ಲಿ, ಉದಾಹರಣೆಗೆ ಒಂದು ಬ್ಯಾರಕ್ಕಿನ ಬಾಗಿಲಲ್ಲಿ, ದಿನದ ಇಪ್ಪತ್ತನಾಲ್ಕು ಗಂಟೆ ಒಬ್ಬ ಮನುಷ್ಯ ನಿಂತಿರಬೇಕಾದರೆ ಎಷ್ಟು ಜನ ಬೇಕು? ದಿನಕ್ಕೆ ಮೂರು ಪಾಳಿ, ವರ್ಷಕ್ಕೆ 1,095 ಪಾಳಿ. ಒಬ್ಬ ನೌಕರನಿಗೆ ವಾರದ ರಜೆ 52, ಗಳಿಕೆ ರಜೆ, ಸಾಂದರ್ಭಿಕ ರಜೆ, ಹಬ್ಬದ ರಜೆ ಎಲ್ಲ ಕಳೆದರೆ ಆತ ಮಾಡಬಹುದಾದ ಪಾಳಿಗಳು ಸುಮಾರು 260. ಅಂದರೆ ಒಂದು ಜಾಗಕ್ಕೆ ನಾಲ್ಕಕ್ಕಿಂತ ಹೆಚ್ಚು ಜನ ಬೇಕು. ಆರಕ್ಕೊಬ್ಬ ಎಂಬ ನಿಯಮ ಪೂರ್ತಿ ಪಾಲನೆಯಾದರೂ ಯಾವುದೇ ಒಂದು ಗಳಿಗೆಯಲ್ಲಿ ಕೆಲಸದ ಮೇಲಿರುವುದು ಇಪ್ಪತ್ತೈದು ಬಂದಿಗಳಿಗೆ ಒಬ್ಬ. ಈಗ ದೇಶದ ನಿಜವಾದ ಸಂಖ್ಯೆ ಹಾಕಿ ನೋಡಿ. ಐದು ಮುಕ್ಕಾಲು ಲಕ್ಷ ಬಂದಿಗಳು, 63 ಸಾವಿರ ಸಿಬ್ಬಂದಿ. ಒಬ್ಬರಿಗೆ ಒಂಬತ್ತು. ಅದನ್ನು ನಾಲ್ಕಕ್ಕೆ ಗುಣಿಸಿದರೆ ಮೂವತ್ತಾರು ದಾಟುತ್ತದೆ. ಅದೂ ಅಧೀಕ್ಷಕರು, ಗುಮಾಸ್ತರು, ವೈದ್ಯರು, ಅಡುಗೆ ಮತ್ತು ಕೈಗಾರಿಕೆ ವಿಭಾಗದವರು ಎಲ್ಲರನ್ನೂ ವಾರ್ಡರೆಂದೇ ಎಣಿಸಿದರೆ. ಗೇಟಿನಲ್ಲಿ ತಪಾಸಣೆಗೆ, ಕಾವಲು ಗೋಪುರಕ್ಕೆ, ಸಂದರ್ಶನದ ಕೊಠಡಿಗೆ ಕಳಿಸಿದವರನ್ನು ಕಳೆದ ಮೇಲೆ ಬ್ಯಾರಕ್ಕುಗಳ ನಡುವೆ ಓಡಾಡುವ ವಾರ್ಡರಿಗೆ ನೂರಾರು ಜನ ಗಂಟು ಬೀಳುವುದು ಹೀಗೆ.

ನೂರು ಜನರನ್ನು ಒಬ್ಬ ಮನುಷ್ಯ ಬಲದಿಂದ ಹಿಡಿದಿಡಲಾರ. ಇದು ಜೈಲಿನ ಬಗ್ಗೆ ಹೊರಗಿನವರಿಗೆ ಅಷ್ಟಾಗಿ ತಿಳಿಯದ ಸತ್ಯ. ವಾರ್ಡರ್ ಕೈಯಲ್ಲಿರುವುದು ಲಾಠಿ ಮತ್ತು ಬೀಗದ ಕೈ ಗೊಂಚಲು. ಆತನ ನಿಜವಾದ ಬಲ ಪರಿಚಯದಲ್ಲಿದೆ. ಯಾರಿಗೆ ಮನೆಯಿಂದ ಮೂರು ತಿಂಗಳಿಂದ ಯಾರೂ ಬಂದಿಲ್ಲ, ಯಾರ ಹೆಂಡತಿ ನೋಟಿಸು ಕಳಿಸಿದ್ದಾಳೆ, ಯಾರು ನಿನ್ನೆಯಿಂದ ಊಟ ಬಿಟ್ಟಿದ್ದಾನೆ, ಯಾವ ಇಬ್ಬರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಇದನ್ನೆಲ್ಲ ತಿಳಿದವನು ಜಗಳವನ್ನು ಶುರುವಾಗುವ ಮುಂಚೆ ನಿಲ್ಲಿಸುತ್ತಾನೆ. ನಿತ್ಯ ಅದೇ ಮುಖಗಳನ್ನು ನೋಡಿ, ನಾಲ್ಕು ಮಾತಾಡಿ, ವರ್ಷಗಳಲ್ಲಿ ಕೂಡಿಬರುವ ತಿಳಿವಳಿಕೆ ಅದು. ಇವತ್ತು ಈ ಬ್ಯಾರಕ್, ನಾಳೆ ಗೇಟು, ನಾಡಿದ್ದು ಆಸ್ಪತ್ರೆ ಕಾವಲು ಎಂದು ಓಡಿಸುತ್ತಿದ್ದರೆ ಆ ಪರಿಚಯ ಬೆಳೆಯುವುದಿಲ್ಲ.

ಆಗ ಏನಾಗುತ್ತದೆ? ಬ್ಯಾರಕ್ ಯಾರ ಆಡಳಿತವೂ ಇಲ್ಲದೆ ಬಿದ್ದಿರುವುದಿಲ್ಲ. ವಾರ್ಡರ್ ಬಿಟ್ಟುಹೋದ ಜಾಗದಲ್ಲಿ ಇನ್ನೊಬ್ಬ ಬಂದು ಕೂರುತ್ತಾನೆ. ಇದು ಹೊಸದಲ್ಲ. 1894ರ ಬ್ರಿಟಿಷ್ ಕಾಲದ ಜೈಲು ಕಾಯಿದೆಯಲ್ಲೇ, ಅದರ 23ನೇ ಕಲಮಿನಲ್ಲಿ, ಜೈಲಿನ ಅಧಿಕಾರಿಗಳಾಗಿ ನೇಮಕಗೊಂಡ ಕೈದಿಗಳನ್ನು ಸಾರ್ವಜನಿಕ ನೌಕರರೆಂದು ಭಾವಿಸಬೇಕು ಎಂದಿದೆ. ಕೈದಿಯನ್ನೇ ರಾತ್ರಿ ಕಾವಲುಗಾರ, ಮೇಲ್ವಿಚಾರಕ, ವಾರ್ಡರ್ ಮಾಡುವ ಪದ್ಧತಿ ಅದು. ಸಂಬಳ ಉಳಿಸಲು ವಸಾಹತು ಸರಕಾರ ಮಾಡಿಕೊಂಡ ಏರ್ಪಾಡು. ಸಿಬ್ಬಂದಿ ಇಲ್ಲದ ಕಡೆ ಇವತ್ತು ಅದೇ ಏರ್ಪಾಡು ಯಾವ ಕಾಯಿದೆಯ ಕಲಮೂ ಇಲ್ಲದೆ ನಡೆಯುತ್ತದೆ. ಹೊರಗೆ ಬಲ ಇರುವವನು ಒಳಗೆ ಬ್ಯಾರಕ್ಕಿನ ಯಜಮಾನ ಆಗುತ್ತಾನೆ. ಮಲಗುವ ಜಾಗ ಹಂಚುವವನು ಅವನೇ, ಪಂಚಾಯ್ತಿ ಮಾಡುವವನು ಅವನೇ, ಫೋನು ಬಾಡಿಗೆಗೆ ಕೊಡುವವನೂ ಅವನೇ. ಮೊದಲ ಸಲ ಒಳಗೆ ಬಂದ ಹುಡುಗ, ಮೊಬೈಲ್ ಕದ್ದ ಆರೋಪದಲ್ಲಿ ಬಂದಿರುವ ಇಪ್ಪತ್ತರ ಹುಡುಗ, ಎರಡೇ ದಿನದಲ್ಲಿ ಕಲಿಯುವುದು ಇದನ್ನು: ಇಲ್ಲಿ ಕಷ್ಟ ಹೇಳಿಕೊಳ್ಳಬೇಕಾದ್ದು ಖಾಕಿ ಹಾಕಿದವರ ಹತ್ತಿರ ಅಲ್ಲ. ನನ್ನ ಕಕ್ಷಿದಾರರಲ್ಲಿ ಅನೇಕರು ನನ್ನೊಡನೆ ಬಾಯಿ ಬಿಡುವ ಮೊದಲು ಹಿಂದೆ ತಿರುಗಿ ನೋಡುತ್ತಾರೆ. ಆ ಹೊತ್ತಿಗೆ ಅವರು ಹೆದರುವುದು ವಾರ್ಡರನಿಗಲ್ಲ.

ಇದನ್ನು ದಿನವೂ ನೋಡುವ ಪ್ರಾಮಾಣಿಕ ವಾರ್ಡರನ ಮನಸ್ಸು ಹೇಗಿರಬಹುದು? ಮನೋಬಲ ಕುಸಿಯುವುದಕ್ಕೆ ಸಂಬಳ ಒಂದೇ ಕಾರಣ ಎಂದು ನಾವು ತಿಳಿಯುತ್ತೇವೆ. ಸಂಬಳವೂ ಕಾರಣ. ಪೊಲೀಸರಿಗೆ ಸಮಾನವಾದ ವೇತನ, ಭತ್ಯೆ ಬೇಕು ಎಂಬುದು ದೇಶದುದ್ದಕ್ಕೂ ಹಳೆಯ ಬೇಡಿಕೆ. ವಾರ್ಡರಾಗಿ ಸೇರಿದವರು ದಶಕ ದಾಟಿದರೂ ಹೆಡ್ ವಾರ್ಡರ್ ಆಗದೆ ಇರುವುದೂ ಕಾರಣ. ರಜೆ ಕೇಳಿದರೆ ‘ಯಾರನ್ನ ಹಾಕ್ಲಿ ನಿನ್ನ ಜಾಗಕ್ಕೆ?’ ಎಂಬ ಮಾತು, ಡಬಲ್ ಡ್ಯೂಟಿ ಮುಗಿಸಿ ಜೈಲಿನ ಪಕ್ಕದ ಕ್ವಾರ್ಟರ್ಸಿಗೆ ಹೋಗಿ ಮಲಗಿದರೆ ಅಲ್ಲಿಗೂ ಬರುವ ಕರೆ, ಸಂಬಂಧ ನೋಡಲು ಬಂದವರು ಜೈಲಿನ ಕೆಲಸ ಎಂದಾಗ ತೋರುವ ಹಿಂಜರಿಕೆ, ಇವೂ ಕಾರಣ. ಆದರೆ ಎಲ್ಲಕ್ಕಿಂತ ಆಳದ ಪೆಟ್ಟು ಬೇರೆ. ಬ್ಯಾರಕ್ಕಿನಲ್ಲಿ ತನ್ನ ಮಾತು ನಡೆಯುವುದಿಲ್ಲ ಎಂದು ಗೊತ್ತಿದ್ದೂ ಅದೇ ಬ್ಯಾರಕ್ಕಿನ ಹೊಣೆಗೆ ಸಹಿ ಹಾಕಬೇಕಲ್ಲ, ಅದು. ಒಳಗೆ ನಡೆಯುವುದನ್ನು ತಡೆಯುವ ಶಕ್ತಿ ಇಲ್ಲ. ಹೊರಗೆ ಸುದ್ದಿಯಾದಾಗ ಅಮಾನತಿನ ಪಟ್ಟಿಯಲ್ಲಿ ಹೆಸರು ಇರುತ್ತದೆ.

ನಮ್ಮ ಪರಪ್ಪನ ಅಗ್ರಹಾರವನ್ನೇ ತೆಗೆದುಕೊಳ್ಳಿ. 2017ರಲ್ಲಿ, 2024ರಲ್ಲಿ, ಮತ್ತೆ 2025ರಲ್ಲಿ ಕೆಲವು ಬಂದಿಗಳಿಗೆ ವಿಶೇಷ ಸೌಲಭ್ಯ ಸಿಕ್ಕ ಸುದ್ದಿ ಬಂತು. ಪ್ರತಿ ಸಲವೂ ಕೆಲವರ ವರ್ಗಾವಣೆಯೋ ಅಮಾನತೋ ಆಯಿತು, ತನಿಖೆಗೆ ಆದೇಶವಾಯಿತು. ಲಂಚ ತಿಂದವರಿಗೆ ಶಿಕ್ಷೆ ಆಗಲೇಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಜೈಲಿನ ಒಳಗಿನ ಲಂಚ ಹೊರಗಿನ ಲಂಚಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ದುಡ್ಡಿಲ್ಲದವನಿಗೆ ಎದ್ದುಹೋಗಲು ಬೇರೆ ಬಾಗಿಲಿಲ್ಲ. ಆದರೆ ಆ ಪಾಳಿಯಲ್ಲಿ ಎಷ್ಟು ಜನ ಇರಬೇಕಿತ್ತು, ಎಷ್ಟು ಜನ ಇದ್ದರು, ಅವರಲ್ಲಿ ಎಷ್ಟು ಮಂದಿ ಹಿಂದಿನ ಪಾಳಿಯನ್ನೂ ಮುಗಿಸಿ ಮುಂದುವರಿದವರು ಎಂಬ ಪ್ರಶ್ನೆಯೂ ತನಿಖೆಯ ಮೊದಲ ಪುಟದಲ್ಲಿ ಇರಬೇಕು. ಅದನ್ನು ಕೇಳದ ತನಿಖೆ ನಾಲ್ಕು ಜನರನ್ನು ಬದಲಾಯಿಸಬಹುದು, ಬ್ಯಾರಕ್ಕನ್ನು ಬದಲಾಯಿಸಲಾರದು.

ಸಿಬ್ಬಂದಿ ಕಡಿಮೆ ಎಂದಾಗಲೆಲ್ಲ ಬರುವ ಉತ್ತರ ಕ್ಯಾಮೆರಾ ಮತ್ತು ಜಾಮರ್. ಪರಪ್ಪನ ಅಗ್ರಹಾರದ ಜಾಮರ್‌ನಿಂದ ಸುತ್ತಲಿನ ಬಡಾವಣೆಯ ಜನರಿಗೆ ಸಿಗ್ನಲ್ ಸಿಗದೆ ಅವರು ದೂರು ಕೊಟ್ಟರು. ಒಳಗೆ ಫೋನು ಸಿಗುವುದು ಮಾತ್ರ ನಿಲ್ಲಲಿಲ್ಲ. ಕ್ಯಾಮೆರಾದ ಬಗ್ಗೆ ದೆಹಲಿಯ ತಿಹಾರ್ ಜೈಲಿನ ಒಂದು ಘಟನೆ ಹೇಳುತ್ತೇನೆ. 2023ರ ಮೇ 2ರಂದು ಬೆಳಗಿನ ಜಾವ ಎದುರು ಗುಂಪಿನ ಕೈದಿಗಳು ಒಬ್ಬ ಕೈದಿಯನ್ನು ಜೈಲಿನಲ್ಲೇ ಮಾಡಿಕೊಂಡ ಚೂಪಾದ ಆಯುಧಗಳಿಂದ ಇರಿದು ಕೊಂದರು. ಎಲ್ಲವೂ ಕ್ಯಾಮೆರಾದಲ್ಲಿ ದಾಖಲಾಯಿತು. ಗಾಯಾಳುವನ್ನು ಹೊರಗೆ ಸಾಗಿಸುವಾಗ ಸಿಬ್ಬಂದಿಯ ಕಣ್ಣೆದುರೇ ಮತ್ತೆ ಇರಿದ ದೃಶ್ಯವೂ ದಾಖಲಾಯಿತು. ಅಲ್ಲಿ ನಿಂತಿದ್ದವರು ತಿಹಾರ್‌ನ ಸ್ವಂತ ವಾರ್ಡರುಗಳಲ್ಲ, ಅಲ್ಲಿಯ ಕಾವಲಿಗೆ ಎರವಲು ತಂದ ತಮಿಳುನಾಡು ವಿಶೇಷ ಪೊಲೀಸ್ ಪಡೆಯವರು. ಅವರಲ್ಲಿ ಏಳು ಮಂದಿ ಅಮಾನತಾದರು. ಅವರನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆದರೆ ಭಾಷೆ ಬಾರದ ಊರಿನಲ್ಲಿ, ಪರಿಚಯವಿಲ್ಲದ ಮುಖಗಳ ನಡುವೆ ನಿಲ್ಲಿಸಿದ ಪಡೆಯವರಿಗೆ ಆ ಬ್ಯಾರಕ್ಕಿನ ದ್ವೇಷಗಳ ಸುಳಿವು ಹೇಗೆ ಸಿಗಬೇಕು? ಕ್ಯಾಮೆರಾ ಆದದ್ದನ್ನು ತೋರಿಸುತ್ತದೆ. ಆಗಲಿರುವುದನ್ನು ಮುಖ ನೋಡಿ ತಿಳಿಯಬೇಕಾದರೆ ಮನುಷ್ಯನೇ ಬೇಕು.

ಹಾಗಾದರೆ ಒಂದೇ ಸಲ ದೊಡ್ಡ ನೇಮಕಾತಿ ಮಾಡಿ ತುಂಬಿದರೆ ಸರಿಹೋಗುತ್ತದೆಯೇ? ಇದಕ್ಕೆ ಇಂಗ್ಲೆಂಡಿನಲ್ಲಿ ಸಿಕ್ಕ ಉತ್ತರ ಚಿಂತೆ ಹುಟ್ಟಿಸುವಂಥದ್ದು. 2010ರ ನಂತರ ಅಲ್ಲಿಯ ಸರಕಾರ ಖರ್ಚು ಕಡಿತಕ್ಕೆ ಇಳಿಯಿತು. ಸ್ವಯಂ ನಿವೃತ್ತಿಯ ಪ್ಯಾಕೇಜು ಕೊಟ್ಟು ಹಳಬರನ್ನು ಮನೆಗೆ ಕಳಿಸಿತು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಜೈಲುಗಳ ಮುಂಚೂಣಿಯ ಸಿಬ್ಬಂದಿ ಸುಮಾರು ಏಳು ಸಾವಿರದಷ್ಟು ಇಳಿಯಿತು, ನಾಲ್ಕರಲ್ಲಿ ಒಂದು ಪಾಲಿಗೂ ಹೆಚ್ಚು. ಕೈದಿಗಳ ಸಂಖ್ಯೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. 2013ರಲ್ಲಿ ಸಿಬ್ಬಂದಿಯ ಮೇಲಿನ ಹಲ್ಲೆಗಳು ವರ್ಷಕ್ಕೆ ಮೂರು ಸಾವಿರದ ಆಸುಪಾಸಿನಲ್ಲಿದ್ದವು. 2016ರ ಡಿಸೆಂಬರ್ 16ರಂದು ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿ ಒಬ್ಬ ಸಿಬ್ಬಂದಿಯ ಕೈಯಿಂದ ಬೀಗದ ಕೈ ಕಿತ್ತುಕೊಂಡರು. ಮುಂದಿನ ಹನ್ನೆರಡು ಗಂಟೆಗೂ ಹೆಚ್ಚು ಕಾಲ ಜೈಲಿನ ನಾಲ್ಕು ವಿಭಾಗಗಳು ಕೈದಿಗಳ ವಶದಲ್ಲಿದ್ದವು. ಅದೇ ವರ್ಷ ಸರಕಾರ ತಪ್ಪು ತಿದ್ದಿಕೊಳ್ಳಲು ಹೊರಟು 2,500 ಹೊಸ ಸಿಬ್ಬಂದಿಯನ್ನು ಸೇರಿಸಿಕೊಳ್ಳುತ್ತೇವೆ ಎಂದು ಘೋಷಿಸಿತು. 2018ರ ಹೊತ್ತಿಗೆ ಆ ಗುರಿ ಮುಟ್ಟಿತು ಕೂಡ. ಆದರೆ ಅದೇ 2018ರಲ್ಲಿ ಸಿಬ್ಬಂದಿಯ ಮೇಲಿನ ಹಲ್ಲೆಗಳ ಸಂಖ್ಯೆ ಹತ್ತು ಸಾವಿರ ದಾಟಿತು.

ಏಕೆ? ಇಪ್ಪತ್ತು ವರ್ಷದ ಅನುಭವ ಇದ್ದವರು ಹೋಗಿದ್ದರು. ಬಂದವರು ಕೆಲವು ವಾರಗಳ ತರಬೇತಿ ಪಡೆದ ಹೊಸಬರು. ಅವರಿಗೆ ಕಲಿಸಬೇಕಾದ ಹಳಬರು ಪಕ್ಕದಲ್ಲಿರಲಿಲ್ಲ. ಹೆದರಿದ ಹೊಸಬ ಒಂದೋ ಅತಿಯಾಗಿ ಗದರುತ್ತಾನೆ, ಇಲ್ಲವೇ ಎಲ್ಲದಕ್ಕೂ ಕಣ್ಣು ಮುಚ್ಚುತ್ತಾನೆ. ಜೈಲಿನಲ್ಲಿ ಎರಡೂ ಅಪಾಯ. ಬಂದವರಲ್ಲಿ ಬಹಳ ಮಂದಿ ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರು. ತೋಟದಲ್ಲಿ ಫಲ ಬಿಡುವ ಅಡಿಕೆ ಮರ ಕಡಿದು ಅದೇ ಲೆಕ್ಕಕ್ಕೆ ಸಸಿ ನೆಟ್ಟರೆ ಮರಗಳ ಸಂಖ್ಯೆ ಸರಿ ಇರುತ್ತದೆ, ಫಸಲು ಇರುವುದಿಲ್ಲ. ನಾರ್ವೆಯಲ್ಲಿ ಜೈಲು ಅಧಿಕಾರಿಯ ತರಬೇತಿಯೇ ಎರಡು ವರ್ಷ, ಅದೂ ಸಂಬಳ ಸಹಿತ. ಅಷ್ಟು ಶ್ರೀಮಂತ ದೇಶವಾದ್ದರಿಂದ ಸಾಧ್ಯವಾಯಿತು ಎನ್ನಬಹುದು. ಆದರೆ ಇಂಗ್ಲೆಂಡೇನೂ ಬಡ ದೇಶವಲ್ಲ.

ಸಹನೆ ಪೂರ್ತಿ ಮುಗಿದರೆ ಏನಾಗುತ್ತದೆ ಎನ್ನುವುದನ್ನು ಅಮೆರಿಕದ ನ್ಯೂಯಾರ್ಕ್ ರಾಜ್ಯ ತೋರಿಸಿತು. 2025ರ ಫೆಬ್ರುವರಿ 17ರಿಂದ ಸುಮಾರು ಮೂರು ವಾರ ಅಲ್ಲಿಯ ಜೈಲು ಸಿಬ್ಬಂದಿ ಕಾನೂನು ಮೀರಿ, ಸಂಘದ ಒಪ್ಪಿಗೆಯೂ ಇಲ್ಲದೆ ಮುಷ್ಕರ ಹೂಡಿದರು. ಕಡ್ಡಾಯವಾಗಿ ಹೇರುತ್ತಿದ್ದ, ಕೆಲವೊಮ್ಮೆ ಇಪ್ಪತ್ತನಾಲ್ಕು ಗಂಟೆ ಎಳೆಯುತ್ತಿದ್ದ ಪಾಳಿಗಳು ಅವರ ದೊಡ್ಡ ದೂರು. ಕೊನೆಗೆ ಕೆಲಸಕ್ಕೆ ಮರಳದ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ವಜಾ ಮಾಡಿದರು, ಜೈಲು ಕಾಯಲು ನ್ಯಾಷನಲ್ ಗಾರ್ಡ್ ಸೈನಿಕರನ್ನು ತಂದರು. ಸಿಬ್ಬಂದಿ ಕಡಿಮೆ ಎಂದು ಎದ್ದ ಗಲಾಟೆ ಸಿಬ್ಬಂದಿಯನ್ನು ಇನ್ನಷ್ಟು ಕಡಿಮೆ ಮಾಡಿ ನಿಂತಿತು. ಆ ದಿನಗಳಲ್ಲಿ ಕೈದಿಗಳು ಸೆಲ್ಲಿನಿಂದ ಹೊರಬರಲಾಗದೆ ನರಳಿದರು.

ಮತ್ತೆ ನಮ್ಮ ರಾಜ್ಯಕ್ಕೆ ಬರುತ್ತೇನೆ. ಬೆಂಗಳೂರು ಕೇಂದ್ರ ಕಾರಾಗೃಹದ ಐದು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ನಿಮ್ಹಾನ್ಸ್ ವೈದ್ಯರು ಪರೀಕ್ಷಿಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೂರಕ್ಕೆ ಸುಮಾರು ಎಂಬತ್ತು ಮಂದಿಯಲ್ಲಿ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತು, ಮದ್ಯ, ತಂಬಾಕಿನಂಥ ಚಟದ ಸಮಸ್ಯೆ ಕಂಡುಬಂತು. ಮಾದರಿ ಕೈಪಿಡಿಯ ಪ್ರಕಾರ ಐನೂರು ಬಂದಿಗಳಿಗೆ ಒಬ್ಬ ಆಪ್ತಸಮಾಲೋಚಕ, ಇನ್ನೂರು ಬಂದಿಗಳಿಗೆ ಒಬ್ಬ ಸುಧಾರಣಾ ಅಧಿಕಾರಿ ಇರಬೇಕು. ದೇಶದ ಎಷ್ಟೋ ಜೈಲುಗಳಲ್ಲಿ ಈ ಹುದ್ದೆಗಳು ತುಂಬುವುದಿರಲಿ, ಮಂಜೂರೇ ಆಗಿಲ್ಲ. ಹಾಗಾಗಿ ನಡುರಾತ್ರಿ ಗೋಡೆಗೆ ತಲೆ ಚಚ್ಚಿಕೊಳ್ಳುವವನನ್ನು ಸಮಾಧಾನ ಮಾಡುವ ಕೆಲಸವೂ ಅದೇ ವಾರ್ಡರನ ಹೆಗಲಿಗೆ ಬೀಳುತ್ತದೆ. ಆತನಿಗೆ ಅದನ್ನು ಯಾರೂ ಕಲಿಸಿಲ್ಲ. ಬಂದಿ ಸತ್ತರೆ ಮ್ಯಾಜಿಸ್ಟ್ರೇಟ್ ತನಿಖೆಯಲ್ಲಿ ಉತ್ತರ ಕೊಡಬೇಕಾದವನು ಮಾತ್ರ ಆತನೇ.

ಮಹಿಳಾ ವಿಭಾಗದ ಪಾಡು ಇನ್ನೂ ಬಿಗಿ. ಅಲ್ಲಿಗೆ ಪುರುಷ ಸಿಬ್ಬಂದಿಯನ್ನು ಕಳಿಸಿ ಪಾಳಿ ತುಂಬುವ ಹಾಗಿಲ್ಲ, ಕಳಿಸಲೂಬಾರದು. ಜಿಲ್ಲಾ ಮಟ್ಟದ ಸಣ್ಣ ಜೈಲಿನಲ್ಲಿ ಇರುವ ಕೆಲವೇ ಮಹಿಳಾ ವಾರ್ಡರುಗಳಲ್ಲಿ ಒಬ್ಬಾಕೆ ಹೆರಿಗೆ ರಜೆಗೆ ಹೋದರೆ ಉಳಿದವರ ದಿನಚರಿಯೇ ಕುಸಿಯುತ್ತದೆ.

ಈಗ ನನ್ನ ವೃತ್ತಿಗೆ ಹತ್ತಿರವಾದ ಒಂದು ಮಾತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಹೇಳುತ್ತದೆ: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಪ್ರಕರಣ ಅಲ್ಲದಿದ್ದರೆ, ಹಿಂದೆ ಯಾವ ಅಪರಾಧದಲ್ಲೂ ತಪ್ಪಿತಸ್ಥನೆಂದು ತೀರ್ಪಾಗದ ವಿಚಾರಣಾಧೀನ ಬಂದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಇದು ಹಳೆಯ ಪ್ರಕರಣಗಳಿಗೂ ಅನ್ವಯ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇದಕ್ಕೆ ಕೋರ್ಟಿಗೆ ಅರ್ಜಿ ಹಾಕಬೇಕಾದವರು ಯಾರು? ಜೈಲಿನ ಅಧೀಕ್ಷಕರು. ಅಂದರೆ ಒಬ್ಬೊಬ್ಬ ಬಂದಿಯ ಕಡತ ತೆಗೆದು, ಕಲಮು ನೋಡಿ, ದಿನ ಎಣಿಸಿ, ಬೇರೆ ಪ್ರಕರಣ ಬಾಕಿ ಇದೆಯೇ ಎಂದು ತಿಳಿದು, ಅರ್ಜಿ ಸಿದ್ಧ ಮಾಡಲು ಜೈಲಿನ ಕಚೇರಿಯಲ್ಲಿ ಜನ ಬೇಕು. ಅಲ್ಲಿ ಕೂರಬೇಕಾದವರು ಗೇಟು ಕಾಯಲು ಹೋಗಿರುತ್ತಾರೆ. ಕಡತ ನೋಡುವವರಿಲ್ಲದೆ ಬಿಡುಗಡೆ ತಡ, ತಡವಾದಷ್ಟೂ ಬ್ಯಾರಕ್ ಕಿಕ್ಕಿರಿಯುತ್ತದೆ, ಕಿಕ್ಕಿರಿದಷ್ಟೂ ಕಾವಲಿಗೆ ಇನ್ನಷ್ಟು ಜನ ಬೇಕು. ಮನೆಗೆ ಹೋಗಬೇಕಾದ ಮನುಷ್ಯ ಒಳಗೇ ಇರುವುದಕ್ಕೆ ಖಾಲಿ ಹುದ್ದೆಯೂ ಒಂದು ಕಾರಣ ಎಂದು ನಾನು ಹೇಳುವುದು ಇದಕ್ಕೇ. ಆದ್ದರಿಂದ ಭರ್ತಿ ಮಾಡುವಾಗ ವಾರ್ಡರುಗಳ ಜೊತೆಗೆ ಈ ಕಚೇರಿ ಹುದ್ದೆಗಳನ್ನೂ ತುಂಬಬೇಕು. ಕಾನೂನು ಸೇವಾ ಪ್ರಾಧಿಕಾರದ ಅರೆಕಾಲಿಕ ಸ್ವಯಂಸೇವಕರು ಕೈ ಜೋಡಿಸಬಹುದು, ಜೋಡಿಸುತ್ತಲೂ ಇದ್ದಾರೆ. ಕಾಯಂ ನೌಕರರ ಜಾಗವನ್ನು ಅವರು ತುಂಬಲಾರರು.

ಇನ್ನೊಂದು ದಾರಿ ಬಯಲು ಬಂದೀಖಾನೆ. ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ನಮ್ಮಲ್ಲೇ ಒಂದು ಇದೆ. ಜೈಪುರದ ಸಾಂಗಾನೇರ್‌ನಲ್ಲಿ ಕೈದಿಗಳು ಹೆಂಡತಿ ಮಕ್ಕಳೊಂದಿಗೆ ಇದ್ದು, ಹೊರಗೆ ಹೋಗಿ ದುಡಿದು, ಸಂಜೆ ಹಾಜರಿಗೆ ಮರಳುತ್ತಾರೆ. ಎತ್ತರದ ಗೋಡೆ ಇಲ್ಲದ ಕಡೆ ಕಾವಲಿಗೆ ಬೆರಳೆಣಿಕೆಯ ಜನ ಸಾಕು. ಶಿಕ್ಷೆಯ ಬಹುಭಾಗ ಮುಗಿಸಿದ, ಅಪಾಯವಿಲ್ಲದ ಬಂದಿಗಳನ್ನು ಅಂಥ ಕಡೆಗೆ ಕಳಿಸಿದರೆ ಮುಚ್ಚಿದ ಜೈಲಿನ ಸಿಬ್ಬಂದಿಗೆ ಉಸಿರಾಡಲು ಜಾಗ ಸಿಗುತ್ತದೆ. ಇಷ್ಟು ಸರಳ ಉಪಾಯ ಇಷ್ಟು ದಶಕ ಮೂಲೆಯಲ್ಲಿ ಬಿದ್ದಿರುವುದು ನನಗೆ ನೋವಿನ ಸಂಗತಿ.

ನ್ಯಾಯಮೂರ್ತಿ ಆನಂದ ನಾರಾಯಣ ಮುಲ್ಲಾ ಸಮಿತಿ 1983ರಲ್ಲೇ ಜೈಲು ಸಿಬ್ಬಂದಿಗೆ ಸರಿಯಾದ ತರಬೇತಿ, ಸೇವಾ ಸ್ಥಿತಿ ಬೇಕು, ಅಖಿಲ ಭಾರತ ಮಟ್ಟದ ಒಂದು ಸೇವೆಯೇ ಬೇಕು ಎಂದಿತ್ತು. ಸುಪ್ರೀಂ ಕೋರ್ಟ್ 2018ರಲ್ಲಿ ನೇಮಿಸಿದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿಯೂ ಖಾಲಿ ಹುದ್ದೆಗಳ ಮೇಲೆ ಬೆರಳಿಟ್ಟಿತು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೈಲು ರಾಜ್ಯ ಪಟ್ಟಿಯಲ್ಲಿದೆ, 4ನೇ ನಮೂದು. ಹಾಗಾಗಿ ನೇಮಕಾತಿಯ ಹೊಣೆ ವಿಧಾನಸೌಧದ್ದು. ಐದಾರು ವರ್ಷಕ್ಕೊಮ್ಮೆ ಸಾವಿರ ಹುದ್ದೆಗೆ ಅರ್ಜಿ ಕರೆದು ಸುಮ್ಮನಾಗುವ ಬದಲು ಪ್ರತಿ ವರ್ಷ ನಿವೃತ್ತರಾಗುವವರ ಲೆಕ್ಕ ಹಿಡಿದು ಅಷ್ಟೇ ಜನರನ್ನು ಸೇರಿಸಿಕೊಳ್ಳಬೇಕು. ಆಗ ಹೊಸಬರ ಪಕ್ಕದಲ್ಲಿ ಸದಾ ಹಳಬರು ಇರುತ್ತಾರೆ. ಮಂಜೂರಾತಿಯ ಲೆಕ್ಕದಲ್ಲೇ ವಾರದ ರಜೆಯನ್ನೂ ತರಬೇತಿಯ ದಿನಗಳನ್ನೂ ಸೇರಿಸಬೇಕು.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, ‘ಮೇಡಂ, ಇದರಲ್ಲಿ ನಾವು ಏನು ಮಾಡೋಕಾಗುತ್ತೆ?’ ಎಂದು ಕೇಳಿದರು. ನಾನು ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ನಿಮ್ಮ ಜಿಲ್ಲೆಯ ಜೈಲಿಗೆ ಮಾಹಿತಿ ಹಕ್ಕು ಅಧಿನಿಯಮದಡಿ ಒಂದು ಅರ್ಜಿ ಹಾಕಿ. ಮಂಜೂರಾದ ಹುದ್ದೆ ಎಷ್ಟು, ಹುದ್ದೆವಾರು ತುಂಬಿರುವುದು ಎಷ್ಟು ಎಂದು ಕೇಳಿ. ಕಳೆದ ಒಂದು ವರ್ಷದಲ್ಲಿ ಸಿಬ್ಬಂದಿಗೆ ಸಿಗಬೇಕಿದ್ದ ವಾರದ ರಜೆಗಳಲ್ಲಿ ಎಷ್ಟು ಸಿಕ್ಕಿವೆ ಎಂದು ಕೇಳಿ. 479ನೇ ಕಲಮಿನಡಿ ಅಧೀಕ್ಷಕರು ಎಷ್ಟು ಅರ್ಜಿ ಸಲ್ಲಿಸಿದ್ದಾರೆ ಎಂದು ಕೇಳಿ. ಬಂದ ಉತ್ತರವನ್ನು ನಿಮ್ಮ ಶಾಸಕರಿಗೆ ಕೊಟ್ಟು, ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಎತ್ತಲು ಹೇಳಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಬಾಯಿ ಮಾತಿನಲ್ಲಿ ಉತ್ತರಿಸಬೇಕು, ಉಪಪ್ರಶ್ನೆ ಕೇಳಲೂ ಅವಕಾಶವಿದೆ. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಬರೆಯಲು ಸಹಾಯ ಬೇಕಾದರೆ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ.